ಕೆರೆ ಏರಿಯ ಕಲ್ಲು ಮತ್ತು ನಮ್ಮ ಸಂಸ್ಕೃತ ಮೇಷ್ಟ್ರು

ಹಳೇ ಕಲ್ಲುಗಳ ಹಿಂದೆ ಬಿದ್ದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಈ ಮೂರು ಪ್ರಸಂಗಗಳನ್ನು ಮೊದಲು ನನಗೆ ಹೇಳಿದವರು ನಮ್ಮೂರ ಆಂಜನೇಯನ ಗುಡಿಯ ಅರ್ಚಕರು. ಮೂರು ಸಲವೂ ಮೇಷ್ಟ್ರ ಪಕ್ಕದಲ್ಲೇ ಇದ್ದವರು.

ಮೇಷ್ಟ್ರು ನಮಗೆ ಹಳ್ಳಿ ಶಾಲೆಯಲ್ಲಿ ಸಂಸ್ಕೃತ ಕಲಿಸಿದವರು. ಪಾಠ ಸಂಸ್ಕೃತದ್ದು, ಜೀವ ಇತಿಹಾಸದ್ದು. ಮುಳಬಾಗಿಲು ಸುತ್ತ ಅವರು ಓದದ ಶಾಸನವಿಲ್ಲ. ಕಲ್ಲಿನಲ್ಲಿ ಇದ್ದಷ್ಟೇ ಓದಬೇಕು, ಇಲ್ಲದ್ದನ್ನು ಸೇರಿಸಿದರೆ ದೇವರ ಮುಂದೆ ಸುಳ್ಳು ಹೇಳಿದ ಹಾಗೆ ಎನ್ನುವುದು ಅವರ ವ್ರತ.

ವಂಶ

ನಮ್ಮ ಕೆರೆ ಏರಿಯ ಮೇಲೆ ಒಂದು ಶಾಸನದ ಕಲ್ಲಿದೆ. ಕೆಳಭಾಗ ಯಾವ ಕಾಲದಲ್ಲೋ ಒಡೆದುಹೋಗಿದೆ. ಈ ಕೆರೆ ಕಟ್ಟಿಸಿದವಳು ಒಬ್ಬ ವಿಧವೆ ಎನ್ನುವುದಕ್ಕೆ ಆ ಕಲ್ಲೊಂದೇ ಸಾಕ್ಷಿ. ಊರ ಗೌಡರು ಬಂದು ಮೇಷ್ಟ್ರನ್ನು ಕೇಳಿದರಂತೆ:

"ನಮ್ಮ ವಂಶದ ಹೆಸರಿದೆಯಾ ನೋಡಿ ಸ್ವಾಮಿ."

"ಇಲ್ಲ ಗೌಡ್ರೆ."

"ಒಡೆದ ಕಡೆ ಇದ್ದಿರಬೋದಲ್ಲ?"

"ಇದ್ದಿರಬೋದು. ಇಲ್ದೇನೂ ಇದ್ದಿರಬೋದು."

ಗೌಡರು ಅರ್ಚಕರ ಕಡೆ ತಿರುಗಿ, "ಇಷ್ಟು ಹೇಳೋಕೆ ಇವರು ಅಷ್ಟೊಂದು ಓದಬೇಕಾಗಿತ್ತಾ? ನಾನೇ ಹೇಳ್ತಿದ್ನಲ್ಲ!" ಅಂದರು.

ಜ್ವರ

ಅಕ್ಷರಗಳ ಅಚ್ಚು ತೆಗೆಯಲು ಮೇಷ್ಟ್ರು ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ರಾಗಿ ಹೊಲಕ್ಕೆ ಹೊರಟಿದ್ದ ಒಬ್ಬ ಅಜ್ಜಿ ನಿಂತು ನೋಡಿದಳು.

"ಏನ್ ಸಾಮಿ, ಕಲ್ಲಿಗೆ ಜ್ವರಾನಾ? ಒದ್ದೆ ಪಟ್ಟಿ ಹಾಕಿದ್ದೀರಿ."

"ಇಲ್ಲಮ್ಮ, ಮಾತಾಡಿಸ್ತಾ ಇದೀನಿ."

ಅಜ್ಜಿ ಅರ್ಚಕರ ಹತ್ತಿರ ಸರಿದು ಮೆಲ್ಲಗೆ, "ಹಂಗಾದ್ರೆ ಜ್ವರ ಕಲ್ಲಿಗಲ್ಲ" ಅಂದಳು.

ಶಾಪ

ಆಮೇಲೆ ಏರಿಯ ರಸ್ತೆ ಅಗಲ ಮಾಡಲು ಜೆಸಿಬಿ ಬಂತು. ಕಲ್ಲು ಒಡೆದು ರಸ್ತೆಯ ತಳಕ್ಕೆ ಹಾಕುವುದೆಂದು ಆಗಿತ್ತು. ಎಂಬತ್ತರ ಹತ್ತಿರದ ಜೀವ, ಮೇಷ್ಟ್ರು ಕಲ್ಲಿಗೆ ಬೆನ್ನು ಕೊಟ್ಟು ಕೂತುಬಿಟ್ಟರು. "ನೀರು ಕೊಟ್ಟ ತಾಯಿಯ ಗುರುತು ಇದೊಂದೇ ಕಣ್ರಪ್ಪ" ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಜೆಸಿಬಿ ಡ್ರೈವರ್ ಇಳಿದು ಬಂದ. ಆಂಧ್ರದ ಕಡೆಯವನು.

"ಸಾಮಿ, ಇಂಥ ಕಲ್ಲು ಹಾಳು ಮಾಡ್ದೋರಿಗೆ ಶಾಪ ಬರ್ದಿರ್ತಾರಂತಲ್ಲ. ಇದ್ರಲ್ಲಿದೆಯಾ?"

ಅರ್ಚಕರು ಮೇಷ್ಟ್ರ ಕೈ ಹಿಸುಕಿದರು. ಇದೆ ಎಂದರೆ ಕಲ್ಲು ಉಳಿಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಶಾಪ ಬರೆಯೋದು ಕೊನೇಲಪ್ಪ. ಆ ಭಾಗ ಒಡೆದುಹೋಗಿದೆ. ಇತ್ತೋ ಇಲ್ವೋ, ನಾನು ಹೇಳಲಾರೆ."

ಅರ್ಚಕರು ಆಂಜನೇಯನನ್ನು ನೆನೆದರು. ಗಾಡಿ ಹತ್ತಲು ಹೊರಟ ಡ್ರೈವರ್ ನಡುವೆ ನಿಂತ.

"ಅಲ್ಲಾ ಸಾಮಿ, ಆವತ್ತು ಒಡೆದ್ರಲ್ಲ, ಅವರು ಏನಾದ್ರು?"

ಮೇಷ್ಟ್ರು ಬಹಳ ಯೋಚಿಸಿ, ತಮಗೆ ಗೊತ್ತಿದ್ದಷ್ಟೇ ಹೇಳಿದರು.

"ಸತ್ತುಹೋದ್ರು. ಒಬ್ಬರೂ ಉಳಿದಿಲ್ಲ."

"ವದ್ದು ಸಾಮಿ, ವದ್ದು!" ಬೇಡವೇ ಬೇಡವೆಂದು ತೆಲುಗಿನಲ್ಲಿ ಕೂಗುತ್ತಾ ಅವನು ಗಾಡಿ ಹಿಂದಕ್ಕೆ ತೆಗೆದ. ಇವತ್ತಿಗೂ ರಸ್ತೆ ಆ ಕಲ್ಲನ್ನು ಸುತ್ತಿಕೊಂಡೇ ಹೋಗುತ್ತದೆ.

ಮನೆಗೆ ಬರುವಾಗ ಮೇಷ್ಟ್ರು, "ನೂರಾರು ವರ್ಷದ ಕೆಳಗೆ ಒಡೆದವರು ಇನ್ನೂ ಇರೋಕಾಗುತ್ತಾ? ಅಷ್ಟಕ್ಕೆ ಅವನ್ಯಾಕೆ ಹೆದರಿದ?" ಅಂತ ಅರ್ಚಕರನ್ನು ಕೇಳಿದರಂತೆ.

ಮೇಷ್ಟ್ರು ಈಗಿಲ್ಲ. ಆ ಏರಿಯ ಮೇಲೆ ಹೋಗುವವರು ಸಿಕ್ಕರೆ ಇದನ್ನು ಹೇಳಿ. ಆದರೆ ಇದ್ದಷ್ಟೇ ಹೇಳಿ, ಸೇರಿಸಬೇಡಿ. ಅವರು ಒಪ್ಪುವುದಿಲ್ಲ.