ಮುಂಗಡ ಅನುಭವ ಪತ್ರ

ಕೆರೆದಂಡೆಯ ಸರಕಾರಿ ಉದ್ಯಾನದ ಶಿಬಿರತಾಣದಲ್ಲಿ ಸಂದರ್ಶಕರು ತಮ್ಮ ಅನುಭವವನ್ನು ಒಳಗೆ ಬರುವಾಗಲೇ ಬರೆದುಕೊಡಬೇಕೆಂಬುದು ನಿಯಮ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಮೊದಲೆಲ್ಲ ಹೊರಗೆ ಹೋಗುವಾಗ ಬರೆಸಿಕೊಳ್ಳುತ್ತಿದ್ದರು. ಆಗ ಜನ ಸೊಳ್ಳೆ, ನಲ್ಲಿಯಲ್ಲಿ ಬಾರದ ನೀರು, ಬಾಗಿಲಿಲ್ಲದ ಶೌಚಾಲಯ ಎಂದು ಕಂಡದ್ದನ್ನೆಲ್ಲ ಬರೆದು ಇಲಾಖೆಯ ಮಾನ ಹರಾಜು ಹಾಕುತ್ತಿದ್ದರು. ಪ್ರಧಾನ ಕಚೇರಿ ಒಂದು ಸಮಿತಿ ಮಾಡಿತು. ಸಮಿತಿ ಎರಡು ವರ್ಷ ತಲೆ ಕೆಡಿಸಿಕೊಂಡು, ದೂರುಗಳೆಲ್ಲ ಇಲ್ಲಿ ತಂಗಿದವರಿಂದಲೇ ಬರುತ್ತಿವೆ, ಇನ್ನೂ ತಂಗದವರಿಂದ ಒಂದೂ ಬಂದಿಲ್ಲ ಎಂದು ಕಂಡುಹಿಡಿಯಿತು. ಅಂದಿನಿಂದ ಅನುಭವ ಮುಂಗಡ.

ಆಮೇಲೆ ಒಬ್ಬ ಮೇಲಧಿಕಾರಿ, ಬರೆದದ್ದು ನಿಜವಾಗಿಯೂ ಆಯಿತೋ ಇಲ್ಲವೋ ನೋಡುವವರು ಯಾರು ಎಂದು ಆಕ್ಷೇಪಣೆ ಎತ್ತಿದರು. ಆಕ್ಷೇಪಣೆ ಸರಿಯಾಗಿಯೇ ಇತ್ತು. ಹಾಗಾಗಿ ಉಪನಿಯಮವೊಂದು ಬಂತು: "ಬರೆದ ಅನುಭವವು ಆಗುವ ತನಕ ಸಂದರ್ಶಕರನ್ನು ಹೊರಬಿಡತಕ್ಕದ್ದಲ್ಲ."

ಇದನ್ನೆಲ್ಲ ಜಾರಿ ಮಾಡುವವನು ಶಿಬಿರಪಾಲಕ. ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರ. ತಾತ್ಕಾಲಿಕ ನೌಕರರ ಬಂಧುಗಳು ಗೇಟಿನ ಒಳಗೆ ಬರತಕ್ಕದ್ದಲ್ಲ ಎಂಬ ಇನ್ನೊಂದು ನಿಯಮದಿಂದಾಗಿ ಅವನ ಹೆಂಡತಿ ಪೇಟೆಯಲ್ಲಿ ತಾಯಿಯ ಮನೆಯಲ್ಲಿದ್ದಳು, ಬಟ್ಟೆ ಹೊಲಿಯುತ್ತಿದ್ದಳು. ಭಾನುವಾರ ಬಸ್ಸಿಳಿದು ಬಂದು ಗೇಟಿನ ಆಚೆ ನಿಲ್ಲುವಳು, ಇವನು ಈಚೆ ನಿಲ್ಲುವನು. ಒಂಬತ್ತು ವರ್ಷದ ಸಂಸಾರವನ್ನು ಇಬ್ಬರೂ ಹೀಗೆ ನಿಂತುಕೊಂಡೇ ಮಾಡಿದ್ದರು. 

ಕಾಯಂ ಆಗುವುದಕ್ಕೆ ದಾರಿ ಇಲ್ಲದಿರಲಿಲ್ಲ. ಒಂದಾದ ಮೇಲೊಂದರಂತೆ ನೂರು ಅನುಭವಗಳು ಬರೆದದ್ದಕ್ಕೆ ಹೊಂದಿಕೆಯಾಗಬೇಕು, ಅಷ್ಟೆ. ಪಾಲಕ ಬುದ್ಧಿವಂತ. ಬಂದವರಿಗೆಲ್ಲ ಒಂದೇ ವಾಕ್ಯ ಹೇಳಿ ಬರೆಸುತ್ತಿದ್ದ: "ಕೆರೆ ನೋಡಿದೆವು. ನೀರಿತ್ತು." ಪರಿವೀಕ್ಷಕರು ತಿಂಗಳಿಗೊಮ್ಮೆ ಬಂದು, ಕೆರೆಯಲ್ಲಿ ಬೆರಳದ್ದಿ, ಮೂಸಿ, "ನೀರೇ" ಎಂದು ಖಚಿತಪಡಿಸಿಕೊಂಡು ಮೊಹರು ಒತ್ತುತ್ತಿದ್ದರು. ಹೀಗೆ ತೊಂಬತ್ತೊಂಬತ್ತು ಆಗಿತ್ತು.

ನೂರನೆಯವರಾಗಿ ಬಂದದ್ದು ನಿವೃತ್ತ ಟೀಚರೊಬ್ಬರು. ಜೊತೆಗೆ ಅವರ ಗಂಡ, ನಿವೃತ್ತ ಸರ್ವೇಯರು. ಪಾಲಕ ಪೆನ್ನು ಕೊಟ್ಟು, ಮಾದರಿ ತೋರಿಸಿದ.

"ಮೇಡಂ, ಇದನ್ನ ನೋಡ್ಕೊಂಡು ಹಾಗೇ ಬರೆದುಬಿಡಿ."

"ನೋಡ್ಕೊಂಡು ಬರೆಯೋದಾ?" ಟೀಚರು ಕನ್ನಡಕದ ಮೇಲಿಂದ ನೋಡಿದರು. "ಮೂವತ್ತನಾಲ್ಕು ವರ್ಷ ಕಾಪಿ ಹೊಡೆಯೋರನ್ನ ಹಿಡಿದಿದ್ದೀನಪ್ಪ. ಈಗ ನಾನೇ ಹೊಡೀಲಾ?"

ಅವರು ಕೂತು, ಯೋಚಿಸಿ, ದುಂಡಗಿನ ಅಕ್ಷರಗಳಲ್ಲಿ ಬರೆದರು: "ನಮ್ಮ ಯಜಮಾನರು ಯಾರ ಸಹಾಯವೂ ಇಲ್ಲದೆ ಡೇರೆ ಹಾಕಿದರು."

ಸರ್ವೇಯರು ಇಣುಕಿ ನೋಡಿ, "ಅಯ್ಯೋ, ಇದೆಲ್ಲಾ ಯಾಕೆ ಬರೆದೆ?" ಎಂದರು.

"ನಲವತ್ತು ವರ್ಷದಿಂದ ಹಾಕ್ತೀನಿ ಹಾಕ್ತೀನಿ ಅಂತಿದ್ದೀರಲ್ಲ. ಹಾಕಿ."

ಸರ್ವೇಯರ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ. ಮೊದಲ ದಿನ ನೆಲ ಅಳೆದರು. ಎರಡನೆಯ ದಿನ ನಾಲ್ಕು ಮೂಲೆಗೆ ಗೂಟ ಹೊಡೆದು, ದಾರ ಹಿಡಿದು, ಕರ್ಣಗಳೆರಡೂ ಸಮ ಇವೆಯೇ ಎಂದು ನೋಡಿದರು. ಇದ್ದವು. ಮೂರನೆಯ ದಿನ ಚೆಕ್ಕುಬಂದಿ ಸಹಿತ ನಕ್ಷೆ ಬರೆದರು. ನಾಲ್ಕನೆಯ ದಿನ ಡೇರೆ ಎಬ್ಬಿಸಿದರು, ಅದು ಕೂತುಬಿಟ್ಟಿತು. ಐದನೆಯ ದಿನವೂ ಕೂತಿತು, ಆದರೆ ಅಳತೆ ಪ್ರಕಾರ ಅದೇ ಜಾಗದಲ್ಲಿ.

ಡೇರೆ ನಿಲ್ಲದ ಸಂದರ್ಶಕರಿಗೆ ಪಾಲಕನು ತನ್ನ ಸೂರಿನಡಿಯೇ ಜಾಗ ಕೊಡತಕ್ಕದ್ದು ಎಂದು ನಿಯಮವಿತ್ತು. ದಂಪತಿ ಅವನ ಕೋಣೆಯಲ್ಲಿ ಮಲಗಿದರು, ಅವನು ಜಗಲಿಯಲ್ಲಿ. ಆರನೆಯ ದಿನದ ಹೊತ್ತಿಗೆ ಉಳಿದ ಸಂದರ್ಶಕರು ಕೆರೆಗೆ ಬೆನ್ನು ಹಾಕಿ ಕುರ್ಚಿ ಇಟ್ಟುಕೊಂಡು ಡೇರೆಯ ಕಡೆ ಕೂತಿರುತ್ತಿದ್ದರು. ಪಾಲಕನಿಗೆ ಕೈ ಕಡಿಯುತ್ತಿತ್ತು. ಎರಡು ನಿಮಿಷದ ಕೆಲಸ. ಒಂದು ಹಗ್ಗ ಎಳೆದು ಕಟ್ಟಿದರೆ ಮುಗಿಯಿತು. ಆದರೆ ಎಳೆದರೆ ಅದು ಸಹಾಯ, ಸಹಾಯವಾದರೆ ಅನುಭವ ಸುಳ್ಳು, ಸುಳ್ಳಾದರೆ ಎಣಿಕೆ ಮತ್ತೆ ಒಂದರಿಂದ. ಅವನೇ ಮನಸ್ಸು ಗಟ್ಟಿ ಮಾಡಿಕೊಂಡು ಪ್ರಕಟಣೆ ಅಂಟಿಸಿದ:

"ಡೇರೆ ಕಾಮಗಾರಿಯು ಪ್ರಗತಿಯಲ್ಲಿರುವುದರಿಂದ ಸಾರ್ವಜನಿಕರು ಸಲಹೆ, ಸನ್ನೆ ಹಾಗೂ ನಿಟ್ಟುಸಿರುಗಳಿಂದ ದೂರವಿರತಕ್ಕದ್ದು. 'ಛೆ' ಎನ್ನುವುದನ್ನು ಸಹಾಯವೆಂದು ಪರಿಗಣಿಸಲಾಗುವುದು."

ಆ ಭಾನುವಾರ ಗೇಟಿನ ಆಚೆಯಿಂದ ಹೆಂಡತಿ ಕೇಳಿದಳು, "ಎಷ್ಟಾಯ್ತು ರೀ?"

"ತೊಂಬತ್ತೊಂಬತ್ತೂಮುಕ್ಕಾಲು," ಅಂದ ಪಾಲಕ. "ಕಂಬ ಒಂದು ನಿಲ್ತಿಲ್ಲ."

ಒಂಬತ್ತನೆಯ ದಿನ ಪರಿವೀಕ್ಷಕರು ಬಂದರು. ಡೇರೆ ನಿಂತಿತ್ತು. ಜನ ಚಪ್ಪಾಳೆ ತಟ್ಟಿದರು. ಟೀಚರು ಮಾತ್ರ, "ನಮ್ಮೋರು ಎಲ್ಲಿ?" ಎಂದು ಸುತ್ತ ನೋಡಿದರು.

"ಇಲ್ಲೇ ಇದ್ದೀನಿ," ಎಂದಿತು ಡೇರೆ.

ಪರಿವೀಕ್ಷಕರು ಬಗ್ಗಿ ಒಳಗೆ ನೋಡಿದರು. ನಡುಗಂಬ ಇರಬೇಕಾದ ಜಾಗದಲ್ಲಿ ಸರ್ವೇಯರು ಎರಡೂ ಕೈ ಮೇಲೆತ್ತಿ ನೆಟ್ಟಗೆ ನಿಂತಿದ್ದರು.

"ನೀವು ಹೊರಗೆ ಬಂದ್ರೆ ಏನಾಗುತ್ತೆ?"

"ಬಿದ್ದುಹೋಗುತ್ತೆ ಸಾರ್."

"ಹಾಗಾದ್ರೆ ಬರಬೇಡಿ." ಪರಿವೀಕ್ಷಕರು ನಿಯಮಾವಳಿ ತೆರೆದು ಎರಡು ಸಲ ಓದಿದರು. ಕಂಬ ಮರದ್ದೋ ಕಬ್ಬಿಣದ್ದೋ ಆಗಿರಬೇಕೆಂದು ಎಲ್ಲೂ ಇರಲಿಲ್ಲ. "ಯಾರಾದ್ರೂ ಸಹಾಯ ಮಾಡಿದ್ರಾ?"

"ಒಂದು ನರಪಿಳ್ಳೆಯೂ ಇಲ್ಲ."

"ಹೊಂದಿಕೆಯಾಗಿದೆ" ಎಂದು ಮೊಹರು ಬಿತ್ತು. ಹೊರಹೋಗುವ ಚೀಟಿಯನ್ನು ಪರಿವೀಕ್ಷಕರು ಸರ್ವೇಯರ ಜೇಬಿಗೆ ತಾವೇ ಇಟ್ಟರು. ಅವರ ಕೈ ಬಿಡುವಾಗಿರಲಿಲ್ಲ.

ಕಾಯಂ ಆದೇಶ ಅಲ್ಲಿಯೇ, ಪರಿವೀಕ್ಷಕರ ಚೀಲದಿಂದಲೇ ಬಂತು. ಜೊತೆಗೆ ವಸತಿಗೃಹದ ಬೀಗದ ಕೈ. ಎರಡು ಕೋಣೆ, ಕೆರೆಯ ಕಡೆ ಒಂದು ಕಿಟಕಿ. ಪಾಲಕ ಆದೇಶವನ್ನು ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದ. "ಕುಟುಂಬದ ವಾಸಕ್ಕೆ ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು."

"ಅದಕ್ಕೆ ಎಷ್ಟು ದಿನ ಸಾರ್?"

"ಹಿಂದಿನ ಪಾಲಕರಿಗೆ ಬಹಳ ಬೇಗ ಆಯ್ತು. ಅವರು ರಿಟೈರ್ ಆದ ತಿಂಗಳೇ ಬಂತು."

ಪಾಲಕ ಜಗಲಿಯ ಮೇಲೆ ಕುಸಿದು ಕೂತ. ಬೀಗದ ಕೈ ಅಂಗೈಯಲ್ಲೇ ಇತ್ತು. ಇನ್ನೂ ಎಷ್ಟು ಭಾನುವಾರ ಎಂದು ಲೆಕ್ಕ ಹಾಕಲು ಹೋಗಿ ಅವನ ಕಣ್ಣುಗಳು ತುಂಬಿಕೊಂಡವು. ಟೀಚರು, ಗಂಡ ಡೇರೆ ಮಡಚಿ ಮುಗಿಸುವುದನ್ನು ಕಾಯುತ್ತ, ಪಕ್ಕದಲ್ಲೇ ಕೂತು ನಿಯಮಾವಳಿ ಓದುತ್ತಿದ್ದರು. ಹೊತ್ತು ಹೋಗಲು ಅಲ್ಲಿ ಬೇರೆ ಪುಸ್ತಕ ಇರಲಿಲ್ಲ.

"ಅಲ್ಲಪ್ಪಾ," ಎಂದರು ಅವರು. "ಕಾಯಂ ನೌಕರನ ಹೆಂಡತಿ ಸಂದರ್ಶಕಿಯಾಗಿ ಬರಬಾರದು ಅಂತ ಇದರಲ್ಲಿ ಎಲ್ಲಿದೆ?"

"ಇಲ್ಲ ಮೇಡಂ. ಆದ್ರೆ ಸಂದರ್ಶಕರಿಗೆ ಎರಡೇ ದಿನ. ಆಮೇಲೆ ಹೋಗ್ಬೇಕು."

"ನಾವು ಎರಡು ದಿನಕ್ಕೆ ಹೋದ್ವಾ?"

ಪಾಲಕ ತಲೆಯೆತ್ತಿ ಅವರ ಮುಖ ನೋಡಿದ. ಟೀಚರು ಪುಸ್ತಕ ಮುಚ್ಚಿ ಅವನ ಕೈಗಿಟ್ಟು, ಗಂಡನಿಗೆ ಡೇರೆ ಮಡಚಲು ಸಹಾಯ ಮಾಡಲು ಎದ್ದುಹೋದರು. ಮಡಚುವ ವಿಷಯ ಅವರು ಬರೆದಿರಲಿಲ್ಲ.

ಮುಂದಿನ ಭಾನುವಾರ ಹೆಂಡತಿ ಆಟೋದಲ್ಲಿ ಬಂದಳು. ಪಾಲಕ ಗೇಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತು, ಎಲ್ಲರಿಗೂ ಕೊಡುವ ಹಾಗೆ ಅವಳಿಗೂ ಫಾರಂ ಕೊಟ್ಟ. ಶಿಬಿರ ಸಾಮಗ್ರಿ ಎಂಬಲ್ಲಿ ಅವಳು "ಹೊಲಿಗೆ ಯಂತ್ರ, ಒಂದು" ಎಂದು ತುಂಬಿಸಿದಳು. ಡೇರೆ ಎಂಬಲ್ಲಿ "ಇಲ್ಲ" ಎಂದಳು. ಹಾಗಾಗಿ ನಿಯಮದಂತೆ ಪಾಲಕನು ತನ್ನ ಸೂರಿನಡಿಯೇ ಜಾಗ ಕೊಡಬೇಕಾಯಿತು. ಅನುಭವ ಎಂಬಲ್ಲಿ ಪೆನ್ನು ಕಚ್ಚಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬರೆದಳು: "ನನ್ನ ಗಂಡ ನನಗಿಂತ ಮೊದಲು ಎದ್ದು ಕಾಫಿ ಮಾಡಿಕೊಟ್ಟರು."

ಪಾಲಕ ಓದಿ, "ಇದು ಆಗೋ ಮಾತಲ್ಲ," ಎಂದು ಗಂಭೀರವಾಗಿ ಹೇಳಿ ಸಹಿ ಹಾಕಿದ.

ಅದಾಗಿ ಈಗ ಮೂರು ವರ್ಷ. ಸಂದರ್ಶಕಿ ಹರಿದ ಡೇರೆಗಳನ್ನು ಹೊಲಿದುಕೊಡುತ್ತಾಳೆ. ಕಿಟಕಿಗೆ ಪರದೆ ಹಾಕಿದ್ದಾಳೆ. ದೀರ್ಘಾವಧಿ ತಂಗುವಿಕೆಯಲ್ಲಿ ಈ ಶಿಬಿರತಾಣವೇ ಮೊದಲ ಸ್ಥಾನದಲ್ಲಿದೆಯೆಂದು ಪ್ರಧಾನ ಕಚೇರಿ ಪ್ರಶಂಸಾಪತ್ರ ಕಳಿಸಿದೆ. ಒಂದೇ ತೊಂದರೆಯೆಂದರೆ ಪಾಲಕನಿಗೆ ಬೆಳಗ್ಗೆ ಐದಕ್ಕೇ ಎಚ್ಚರವಾಗುತ್ತದೆ. ಎದ್ದು ಅವಳಿಗೆ ಒಂದು ಲೋಟ ಕಾಫಿ ಮಾಡಿಕೊಡಬೇಕೆಂದು ಜೀವ ಒದ್ದಾಡುತ್ತದೆ. ಆದರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಅವಳು ಏಳುವ ತನಕ ಅಲ್ಲಾಡದೆ ಮಲಗಿರುತ್ತಾನೆ.

ಪರಿವೀಕ್ಷಕರು ಈಗಲೂ ತಿಂಗಳಿಗೊಮ್ಮೆ, ಬೆಳಕು ಹರಿಯುವ ಹೊತ್ತಿಗೇ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಾರೆ. ಮಲಗಿರುವ ಸಂದರ್ಶಕಿಗೆ ಎಚ್ಚರವಾಗಬಾರದೆಂದು ದನಿ ತಗ್ಗಿಸಿ ಕೇಳುತ್ತಾರೆ.

"ಏನ್ರೀ, ಎದ್ದಿದ್ದೀರಾ?"

"ಇಲ್ಲ ಸಾರ್," ಎನ್ನುತ್ತಾನೆ ಪಾಲಕ, ಕಣ್ಣು ಬಿಡದೆ.

"ಹೊಂದಿಕೆಯಾಗಿಲ್ಲ. ಹೊರಬಿಡತಕ್ಕದ್ದಲ್ಲ" ಎಂದು ಪರಿವೀಕ್ಷಕರು ಬರೆದುಕೊಳ್ಳುತ್ತಾರೆ. ಆಮೇಲೆ ಅಭ್ಯಾಸ ತಪ್ಪಬಾರದೆಂದು ಕೆರೆಯ ತನಕ ನಡೆದುಹೋಗಿ, ಬೆರಳದ್ದಿ ನೋಡುತ್ತಾರೆ. ನೀರು ಇರುತ್ತದೆ.