ಸುರಂಗದಲ್ಲಿ ಎರಡು ನಿಮಿಷ ಮೌನ

ಬಹಳ ದಿನ ಊರು ಸುತ್ತಿ ಬಂದವನಿಗೆ ಒಂದು ಭ್ರಮೆ ಇರುತ್ತದೆ. ತಾನಿಲ್ಲದಾಗ ಇಲ್ಲಿ ಎಲ್ಲವೂ ಬಿಕೋ ಎನ್ನುತ್ತಿತ್ತು, ಎಲ್ಲರೂ ತನ್ನ ದಾರಿ ಕಾಯುತ್ತಿದ್ದರು ಎಂದು. ನನಗೂ ಇತ್ತು. ನಾನು ಪಂಪು ತಯಾರಿಸುವ ಕಂಪನಿಯೊಂದರಲ್ಲಿ ನಕ್ಷೆ ಬರೆಯುವವನು. ಪಂಜಾಬು, ಬಿಹಾರ, ಅಸ್ಸಾಂ ಎಂದು ನಮ್ಮ ಪಂಪುಗಳು ಎಲ್ಲೆಲ್ಲಿ ಕೆಟ್ಟು ನಿಂತಿದ್ದವೋ ಅಲ್ಲಿಗೆಲ್ಲ ಕಂಪನಿ ನನ್ನನ್ನು ಅಟ್ಟಿತ್ತು. ಹನ್ನೊಂದು ತಿಂಗಳು ಮೂರು ಹೊತ್ತೂ ಆಲೂಗಡ್ಡೆ ತಿಂದು, ಒಂದು ಭಾನುವಾರ ಡೊಂಬಿವಲಿಯ ಮನೆಗೆ ಬಂದು ಬಿದ್ದೆ. ನಲ್ಲಿ ನೀರಿನ ಹೊತ್ತು ಬದಲಾಗಿತ್ತು. ಮಗಳು ನನ್ನೊಡನೆಯೂ ಹಿಂದಿಯಲ್ಲಿ ಮಾತಾಡತೊಡಗಿದ್ದಳು. ನಾನು ಪೇಪರ್ ಓದುತ್ತಿದ್ದ ಜಾಗದಲ್ಲಿ ಹೊಲಿಗೆ ಯಂತ್ರ ಬಂದು ಕೂತಿತ್ತು. ಎಲ್ಲವನ್ನೂ ಸಹಿಸಿಕೊಂಡೆ. ಬೆಳಗಾದರೆ ಸೋಮವಾರ, ಎಂಟೂಹದಿನೇಳರ ಲೋಕಲ್ ರೈಲಿನಲ್ಲಿ ನನ್ನ ಸೀಟು ನನಗಾಗಿ ಇದ್ದೇ ಇರುತ್ತದಲ್ಲ ಎಂಬ ಧೈರ್ಯ.

ನನ್ನ ಸೀಟು ಎಂದರೆ ನಗಬೇಡಿ. ಟಿಕೇಟಿನಲ್ಲಿ ಬರೆದಿರುವುದಿಲ್ಲ, ಆದರೆ ನಮ್ಮ ಡಬ್ಬಿಯಲ್ಲಿ ಅದು ಆಸ್ತಿಯೇ. ಕಲ್ಯಾಣದಲ್ಲಿ ಹತ್ತುವವರು ಕೂತು ಬರುತ್ತಾರೆ, ಡೊಂಬಿವಲಿಯ ನಾವು ನಿಂತು ಬರುತ್ತೇವೆ. ಅರ್ಧ ದಾರಿಯಲ್ಲಿ ಠಾಣೆ ಸ್ಟೇಷನ್ ಬಂದೊಡನೆ ಅವರು ಎದ್ದು ನಿಂತು ನಮಗೆ ಜಾಗ ಬಿಡುತ್ತಾರೆ. ಯಾರು ಯಾರಿಗೆ ಬಿಡಬೇಕು ಎಂಬುದೂ ನಿಶ್ಚಿತ. ಕಲ್ಯಾಣದ ಕುಲಕರ್ಣಿ ಎಂಬ ಹಿರಿಯರು ಒಂಬತ್ತು ವರ್ಷ ತಮ್ಮ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟಿದ್ದರು. ಅಷ್ಟು ವರ್ಷದಲ್ಲಿ ಅವರು ನನ್ನ ಹೆಸರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ದಿನವೂ ಜೊತೆಗೆ ಹೋಗುವ ನಮ್ಮ ಗ್ರೂಪಿನವರಿಗೆಲ್ಲ ನಾನು ಊರಿನ ಹೆಸರಿನಲ್ಲೇ ‘ಉಡುಪಿ’.

ಸೋಮವಾರ ಡಬ್ಬಿಯೊಳಗೆ ನುಗ್ಗಿ, ಬ್ಯಾಗು ಎದೆಗೊತ್ತಿಕೊಂಡು ನಗುತ್ತಾ ನಿಂತೆ. ಇಸ್ಪೀಟಾಡುತ್ತಿದ್ದವರು ಎಲೆ ಹಿಡಿದ ಕೈ ಹಾಗೇ ಗಾಳಿಯಲ್ಲಿರಿಸಿ ನನ್ನನ್ನು ನೋಡಿದರು. ಕುಲಕರ್ಣಿಯವರ ಮುಖ ಬಿಳಿಚಿಕೊಂಡಿತು. “ಅರೇ ಉಡುಪಿ! ತುಮ್ ತೋ ಗುಜರ್ ಗಯೇ ಥೇ ನಾ?” ಎಂದರು.

ನಾನು ತೀರಿಹೋಗಿದ್ದೆನಂತೆ! ಸತ್ತಿಲ್ಲ ಎಂದು ಹೇಗೆ ಹೇಳುವುದು ಎಂಬುದೂ ತೋಚಲಿಲ್ಲ. ಆಮೇಲೆ ಒಂದೊಂದೇ ತಿಳಿಯಿತು. ಟೂರಿಗೆ ಹೊರಡುವ ಹಿಂದಿನ ದಿನ, ಬಟಾಟೆವಡೆ ತಿಂದು ಎದೆಯುರಿ ಹತ್ತಿ, ಎದೆ ಹಿಡಿದುಕೊಂಡೇ ನಾನು ಅರ್ಧ ದಾರಿಗೇ ಠಾಣೆಯಲ್ಲಿ ಇಳಿದುಬಿಟ್ಟಿದ್ದೆ. ಮರುದಿನ ಇಲ್ಲ, ಮರುವಾರವೂ ಇಲ್ಲ. ಇವರು ಹದಿನೈದು ದಿನ ಕಾದು, ನನ್ನನ್ನು ತೀರಿಹೋದವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ದಿವಾ ಸ್ಟೇಷನ್ ದಾಟಿದ ಮೇಲೆ ಬರುವ ಪಾರಸಿಕ್ ಸುರಂಗದಲ್ಲಿ ಎರಡು ನಿಮಿಷ ಮೌನವನ್ನೂ ಆಚರಿಸಿದ್ದರಂತೆ. ಆ ಸುರಂಗದ ಸದ್ದಿನಲ್ಲಿ ಯಾರಿಗೂ ಯಾವ ದಿನವೂ ಮಾತಾಡಲು ಆಗುವುದಿಲ್ಲ ಎಂಬುದು ಬೇರೆ ವಿಷಯ.

“ನನ್ನ ಬಗ್ಗೆ ಏನಾದರೂ ಹೇಳಿದಿರಾ?” ಎಂದು ಆಸೆಯಿಂದ ಕೇಳಿದೆ. ಕುಲಕರ್ಣಿ ಬಹಳ ಹೊತ್ತು ಯೋಚಿಸಿ, “ತ್ರಾಸ ಕೊಡುವ ಮನುಷ್ಯ ಅಲ್ಲ ಎಂದೆವು” ಎಂದರು.

ಇದೂ ಹೋಗಲಿ. ಠಾಣೆ ಬಂತು, ಕುಲಕರ್ಣಿ ಎದ್ದರು, ನಾನು ಅಭ್ಯಾಸದಂತೆ ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ದಪ್ಪ ಮೀಸೆಯ ಆಸಾಮಿಯೊಬ್ಬರು ಸಾವಕಾಶ ಕಿಟಕಿಯ ಬಳಿ ಕೂತರು. ನಾನು ಸತ್ತದ್ದಕ್ಕಿಂತ ದೊಡ್ಡ ಆಘಾತ ಇದು. ಬದುಕಿದ್ದೇನೆಂದು ಎಲ್ಲರೂ ಕಣ್ಣಾರೆ ಕಂಡ ಮೇಲೂ ಸೀಟು ವಾಪಸ್ಸಿಲ್ಲವೇ? ಕುಲಕರ್ಣಿ ಮೆಲ್ಲಗೆ ಹೇಳಿದರು, ಗ್ರೂಪಿನಲ್ಲಿ ಒಮ್ಮೆ ಠರಾವಾದರೆ ಆಯಿತು, ಈಗ ನೀವು ಹೊಸಬರು, ನಿಮ್ಮ ಮುಂದೆ ಆರು ಜನ ಇದ್ದಾರೆ.

ಸೀಟಿನ ಹೊಸ ಒಡೆಯರು ವಿಜಯಪುರದ ಕಡೆಯ ಬಿರಾದಾರ, ಬಂದರಿನ ಗೋದಿಯಲ್ಲಿ ಹಮಾಲರ ಮೇಲ್ವಿಚಾರಣೆ ನೋಡುವ ಮುಕಾದಮರು. ನಾನು ಕನ್ನಡದವನೆಂದು ತಿಳಿದದ್ದೇ ಅವರಿಗೆ ಪ್ರೀತಿ ಉಕ್ಕಿತು. “ಬರ್ರಿ ಸಾಹೇಬ್ರ, ಕುಂದರ್ರಿ! ನಿಮ್ಮ ಪುಣ್ಯೇದಿಂದ ಸಿಕ್ಕ ಜಾಗಾ ಇದು. ದಿನಾ ಕೂಡೂ ಮುಂದ, ಆ ಉಡುಪಿಯವ್ರ ಆತ್ಮಕ್ಕ ಶಾಂತಿ ಸಿಗ್ಲಿ ಅಂತ ಅಂದೇ ಕೂಡ್ತೀನ್ರಿ” ಎಂದರು. ಕುಂದರ್ರಿ ಎಂದರೇ ಹೊರತು ಏಳಲಿಲ್ಲ. ಮೂವರ ಬೆಂಚಿನಲ್ಲಿ ಎಲ್ಲರನ್ನೂ ಒತ್ತರಿಸಿ, ತುದಿಯಲ್ಲಿ ನಾಲ್ಕನೆಯವನಿಗೆ ಆಗುವಷ್ಟು ಅಂಚು ಮಾಡಿಕೊಟ್ಟರು. ಅರ್ಧ ಮೈ ಸೀಟಿನಲ್ಲಿ, ಅರ್ಧ ಗಾಳಿಯಲ್ಲಿ ಇರಿಸಿಕೊಂಡು ನಾನು ಆಫೀಸು ಮುಟ್ಟಿದೆ. ಅಲ್ಲಿ ನನ್ನ ನಕ್ಷೆಯ ಹಲಗೆ ಇದ್ದ ಕಡೆ ಕಂಪ್ಯೂಟರ್ ಕೂತಿತ್ತು. ಇನ್ನು ಎಲ್ಲ ಇದರಲ್ಲೇ, ಕಲಿತುಕೊಳ್ಳಿ ಎಂದರು. ಸತ್ತವನಿಗೆ ಇದ್ಯಾವ ಲೆಕ್ಕ ಎಂದುಕೊಂಡು ತಲೆಯಾಡಿಸಿದೆ.

ಸಂಜೆ ಹೆಂಡತಿ ಶಾರದೆಗೆ ಎಲ್ಲ ಹೇಳಿ, ಎಂಥ ಕಟುಕರು, ಒಬ್ಬನಾದರೂ ಮನೆಗೆ ಬಂದು ವಿಚಾರಿಸಬಾರದೇ ಎಂದು ಕೂಗಾಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಹೋಗುವಾಗ ಅವ್ರಿಗೊಂದು ಮಾತು ಹೇಳ್ಲಿಕ್ಕೆ ನಿಮ್ಗೆ ಎಂತ ಆಗಿತ್ತು? ಅದಿರ್ಲಿ, ನಿಮಗಿಂತ ಮೊದ್ಲು ಆ ಸೀಟು ಯಾರದ್ದು?”

ಅದು ಮಾಸ್ತರರದ್ದು. ಯಾವಾಗಲೂ ಕೊಡೆ ಹಿಡಿದಿರುತ್ತಿದ್ದ, ಬಾಯಿ ತುಂಬ ನಗುತ್ತಿದ್ದ ಮಾಸ್ತರರು. ಒಂದು ಮಳೆಗಾಲ ಬರುವುದನ್ನು ನಿಲ್ಲಿಸಿದರು. ಹೋಗಿಬಿಟ್ಟರಂತೆ ಎಂದು ಯಾರೋ ಹೇಳಿದರು. ಯಾರು ಹೇಳಿದ್ದು ಎಂದು ನಾನು ಕೇಳಲಿಲ್ಲ. ಸುರಂಗದಲ್ಲಿ ಎರಡು ನಿಮಿಷ ನಾನೂ ತಲೆ ತಗ್ಗಿಸಿದ್ದೆ, ತಗ್ಗಿಸಿಕೊಂಡೇ ಆ ಕಿಟಕಿಯ ಮೇಲಿನ ಹಲಗೆಗೆ ನನ್ನ ಬ್ಯಾಗು ಸಾಗಿಸಿದ್ದೆ. ಅವರು ನಿಜಕ್ಕೂ ತೀರಿಕೊಂಡಿದ್ದರೋ, ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದರೋ ದೇವರೇ ಬಲ್ಲ. ನನಗೆ ಅವರ ಹೆಸರೂ ಗೊತ್ತಿಲ್ಲ.

ಈಗ ಅಂಚಿನಲ್ಲಿ ಕೂತು ಹೋಗುವಾಗಲೆಲ್ಲ ಬಾಗಿಲ ಕಡೆ ಕಳ್ಳನೋಟ ಬೀರುತ್ತಿರುತ್ತೇನೆ. ಕೊಡೆ ಹಿಡಿದ ಮಾಸ್ತರರು ಒಂದು ದಿನ ಒಳಗೆ ಬಂದು ನನ್ನ ಸೀಟೆಲ್ಲಿ ಎಂದು ಕೇಳಿದರೆ ಏನು ಮಾಡಬೇಕೆಂದು ನಿರ್ಧರಿಸಿಕೊಂಡಿದ್ದೇನೆ. ಸ್ವಲ್ಪವೂ ಅಳುಕದೆ ಬಿರಾದಾರರನ್ನು ತೋರಿಸಿಬಿಡುತ್ತೇನೆ.