ಡಿ ವಿಟಮಿನ್ನಿನ ಪೌರುಷ

ಬ್ಯಾಂಕಿನಲ್ಲಿ ದಿನವಿಡೀ ಸಾಲ ಕೇಳಿ ಬಂದವರಿಗೆ ‘ನಹೀ, ನಹೀ’ ಎಂದು ಗರ್ಜಿಸುವ ನಾನು ಮನೆಯಲ್ಲಿ ಹೆಂಡತಿಯ ಮುಂದೆ ‘ಇಲ್ಲ’ ಎಂದದ್ದಿಲ್ಲ. ಗದಗಿನಿಂದ ಕಾಶಿಗೆ ವರ್ಗವಾದ ಮೇಲಂತೂ ಇದು ಘೋರರೂಪ ತಾಳಿತು. ದಾಕ್ಷಾಯಣಿಯ ತವರಿನವರಿಗೆಲ್ಲ ಒಮ್ಮೆಲೇ ಮೋಕ್ಷದ ಹಸಿವು ಹುಟ್ಟಿ, ಬಂಗಾಲಿ ಟೋಲಾದ ಇಕ್ಕಟ್ಟು ಗಲ್ಲಿಯ ನಮ್ಮ ಎರಡು ಕೋಣೆಯ ಮನೆಗೆ ತಂಡೋಪತಂಡವಾಗಿ ಇಳಿಯತೊಡಗಿದರು.

“ರೀ, ಗುರುಪಾದಯ್ಯ ಕಾಕಾ, ಕಾಕು ಬರಾಕ್ಹತ್ಯಾರ. ಎಂಟು ದಿನ ಅಷ್ಟ.”

“ಹೂಂ,” ಎಂದೆ. (ಒಳಗೊಳಗೇ ಎಂದದ್ದು ಅಚ್ಚಿಗೆ ತಕ್ಕುದಲ್ಲ.)

ಮರುದಿನ ಬ್ಯಾಂಕಿನಲ್ಲಿ, ನಮ್ಮ ಕಡೆಯವನೇ ಆದ ಸಹೋದ್ಯೋಗಿ ಗುರುಪ್ರಕಾಶನ ಮುಂದೆ ಗೋಳಾಡಿದೆ. ವಿಡಿಯೋ ನೋಡಿಯೇ ವೈದ್ಯನಾದವನು ಅವನು.

“ನಿಮ್ಮ ಗಲ್ಲಿಯೊಳಗ ಬಿಸಲ ಬೀಳ್ತದೇನು? ಬಿಸಲಿಲ್ಲಂದ್ರ ಡಿ ವಿಟಮಿನ್ ಇಲ್ಲ. ಅದಿಲ್ಲಂದ್ರ ಟೆಸ್ಟೊಸ್ಟೆರಾನ್ ಇಲ್ಲ. ಅದೂ ಇಲ್ಲಂದ್ರ ಗಂಡಸಿನ ದನಿ ಎಲ್ಲಿಂದ ಹೊರಡಬೇಕು?”

ಇಷ್ಟು ವರ್ಷದ ನನ್ನ ದಾಸ್ಯಕ್ಕೆ ಕಾರಣ ಸೂರ್ಯನಾರಾಯಣ! ಗೋದೌಲಿಯಾ ಪೇಟೆಯ ಔಷಧಿ ಅಂಗಡಿಯಿಂದ ವಾರಕ್ಕೊಂದು ನುಂಗುವ ಗುಳಿಗೆ ತಂದು, ಹಾಲಿನೊಂದಿಗೆ ಗುಟ್ಟಾಗಿ ಸೇವಿಸತೊಡಗಿದೆ. ಕನ್ನಡಿಯಲ್ಲಿ ಎದೆ ಅಗಲವಾದಂತೆ ಕಂಡಿತು. ದನಿ ಗಡುಸಾಯಿತು (ನೆಗಡಿಯೂ ಇತ್ತೆನ್ನಿ). ಒಂದು ಸಂಜೆ ಗಲ್ಲಿಗೆ ಅಡ್ಡ ಮಲಗಿದ್ದ ಗೂಳಿಗೆ “ಹಟ್!” ಎಂದು ಅಬ್ಬರಿಸಿದೆ. ಅದು ಕಣ್ಣೂ ತೆರೆಯಲಿಲ್ಲ. ಪಾಪ, ಅದು ಹುಟ್ಟಿದಾಗಿನಿಂದ ಘಾಟಿನ ಬಿಸಿಲಲ್ಲೇ ಇದ್ದದ್ದು; ಅದರ ಡೋಸೇ ಬೇರೆ.

ಕಾಕಾ ಬರುವ ದಿನ ಹತ್ತಿರವಾದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಹೇಳಿಯೇಬಿಟ್ಟೆ: “ಇಲ್ಲ! ಕಾಕಾ ಮಠದಾಗ ಇಳ್ಕೊಳ್ಳಿ!”

ಲಟ್ಟಣಿಗೆಯ ಸದ್ದು ನಿಂತಿತು. ದಾಕ್ಷಾಯಣಿ ಸಿಟ್ಟಾಗಲಿಲ್ಲ. ಹತ್ತಿರ ಬಂದು ನನ್ನ ಹಣೆ ಮುಟ್ಟಿದಳು.

“ಜ್ವರ ಇಲ್ಲ. ಮತ್ತ ಯಾಕ ಹಿಂಗ ಮಾತಾಡಾಕ್ಹತ್ತೀರಿ? ಏನ ತಿಂದೀರಿ, ಖರೇ ಹೇಳ್ರಿ.”

ಪೌರುಷ ಅಲ್ಲೇ ಕುಸಿಯಿತು. ಎಲ್ಲ ಬಾಯಿಬಿಟ್ಟೆ. ಅವಳು ಕೆಲ ದಿನಗಳಿಂದ ನೋಯುತ್ತಿದ್ದ ಮೊಣಕಾಲು ಹಿಡಿದುಕೊಂಡು ಕುಂಟುತ್ತಲೇ ನನ್ನನ್ನು ಡಾಕ್ಟರ ಬಳಿ ಎಳೆದೊಯ್ದಳು. ರಕ್ತಪರೀಕ್ಷೆಯ ವರದಿ ಬಂದಾಗ ಡಾಕ್ಟರು ನಕ್ಕರು.

“ಭಾಯಿ ಸಾಹಬ್, ನಿಮ್ಮ ಹಾರ್ಮೋನು ಸರಿಯಾಗೇ ಇದೆ. ಈ ಗುಳಿಗೆಯಿಂದ ಅದು ಏರುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಹೆಂಡತಿಯ ಮುಂದೆ ದನಿ ಏಳದಿದ್ದರೆ ಅದಕ್ಕೆ ನನ್ನಲ್ಲಿ ಔಷಧಿಯಿಲ್ಲ. ಇದ್ದಿದ್ದರೆ ನಾನೇ ಮೊದಲು ತಗೋತಿದ್ದೆ.”

ಆಮೇಲೆ ದಾಕ್ಷಾಯಣಿ ಕುಂಟುವುದನ್ನು ನೋಡಿ ಅವಳ ರಕ್ತವನ್ನೂ ಪರೀಕ್ಷಿಸಿದರು. ಡಿ ಕೊರತೆ ಇದ್ದದ್ದು ಅವಳಿಗೆ! ಗುಳಿಗೆಗಳು ಅವಳ ಪಾಲಾದವು.

ಕಾಕಾನಿಗೆ ರೈಲಿನ ಟಿಕೆಟ್ ಸಿಗುವುದು ಒಂದೆರಡು ತಿಂಗಳು ತಡವಾಯಿತು. ಅಷ್ಟರಲ್ಲಿ ದಾಕ್ಷಾಯಣಿಯ ನೋವು ಇಳಿದಿತ್ತು. ಬಂದವರನ್ನು ತಾನೇ ಕೇದಾರ ಘಾಟಿಗೆ ಕರೆದೊಯ್ದು, ಮೆಟ್ಟಿಲು ಸರಸರ ಹತ್ತಿ ಬಂದಳು. ಏದುಸಿರು ಬಿಡುತ್ತ ಮನೆಗೆ ಬಂದ ಕಾಕಾ ಬೆರಗಿನಿಂದ ಕೇಳಿದರು:

“ನಿನ್ನ ಮೊಣಕಾಲಿಗೆ ಏನ ಔಷಧ ತಗೊಂಡೀಯವಾ ತಂಗಿ? ನಮ್ಮಿಬ್ಬರ ಕಾಲೂ ಹಿಡ್ಕೊಂಡಾವ.”

“ಇವರ ಮೊದಲ ತಂದದ್ದು ಕಾಕಾ. ಭಾಳ ಓದಿ ತಿಳ್ಕೊಂಡಾರ.” ನನ್ನತ್ತ ನೋಡಿ ನಕ್ಕಳು.

ಅದೇ ಡಾಕ್ಟರು, ಅದೇ ಪರೀಕ್ಷೆ. ಇಬ್ಬರಿಗೂ ಕೊರತೆ. ಸಂಜೆ ಕಾಕಾ ನನ್ನ ಬೆನ್ನು ತಟ್ಟಿದರು.

“ಅಳಿಯ ಅಂದ್ರ ಹಿಂಗಿರಬೇಕು! ವಾರಕ್ಕೊಂದ ಗುಳಿಗಿ, ಎರಡು ತಿಂಗಳ ಕೋರ್ಸಂತ. ನಡುವ ಬಿಡಬಾರದಂತ. ಇಲ್ಲೇ ಮುಗಿಸ್ಕೊಂಡ ಹೋಗ್ತೀವಿ.”